ವಯಸ್ಸಾಯ್ತು ಅನ್ನೋ ಮುಂಚೆ ಇವರನ್ನು ನೆನೆಯಿರಿ

ಮಗಳನ್ನು ಭರತನಾಟ್ಯದ ಕ್ಲಾಸಿಗೆ ಸೇರಿಸಿದ್ದೀರಿ. ಒಳಗಿನ ತಟ್ಟುಮಣೆ ಸದ್ದಿಗೆ ಹೊರಗೆ ಕೂತ ನಿಮ್ಮ ಕಾಲೂ ತಾಳ ಹಾಕುತ್ತೆ. ಆದರೆ ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಏನು ಕುಣಿಯೋದು, ನೋಡಿದವರು ನಗಲ್ವಾ ಅಂತ ಸುಮ್ಮನಾಗ್ತೀರಿ. ಹೌದು ತಾನೇ? ಹಾಗಿದ್ರೆ ನಮ್ಮ ಹೊಸದುರ್ಗದ ನೆರೆಯಲ್ಲೇ ಹುಟ್ಟಿದ ಒಬ್ಬ ಹೆಣ್ಣುಮಗಳ ಕಥೆ ಕೇಳಿ.

ಅವರೇ ನೃತ್ಯಗುರು ಕೆ. ವೆಂಕಟಲಕ್ಷಮ್ಮ. ಹುಟ್ಟಿದ್ದು 1906ರಲ್ಲಿ, ಕಡೂರಿನ ತಂಗಲಿ ತಾಂಡಾದಲ್ಲಿ. ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಬೀರೂರು, ಅದರ ಪಕ್ಕದಲ್ಲೇ ಕಡೂರು. ಅಷ್ಟು ಹತ್ತಿರ! ಲಂಬಾಣಿ ಕುಟುಂಬ. ಹಬ್ಬ ಬಂತೆಂದರೆ ತಾಂಡಾದ ಹೆಂಗಸರು ಗುಂಪಾಗಿ ಕುಣಿಯೋದನ್ನು ನೀವೂ ನೋಡಿರ್ತೀರಿ. ಆದರೆ ಆ ಕಾಲದಲ್ಲಿ ತಾಂಡಾದ ಹುಡುಗಿಯೊಬ್ಬಳು ಶಾಸ್ತ್ರೀಯ ನೃತ್ಯ ಕಲಿಯೋದು ಅಂದ್ರೆ ಯಾರೂ ಊಹಿಸದ ಮಾತು.

ಎಂಟು ವರ್ಷದ ಮೊಮ್ಮಗಳನ್ನು ಅಜ್ಜ-ಅಜ್ಜಿ ಮೈಸೂರಿಗೆ ಕರೆದುಕೊಂಡು ಹೋಗಿ ಜಟ್ಟಿ ತಾಯಮ್ಮನವರ ಹತ್ತಿರ ಬಿಟ್ಟರು. 1857ರಲ್ಲಿ ಹುಟ್ಟಿದ ತಾಯಮ್ಮ ಜಟ್ಟಿಯ ಮಗಳು, ಅರಮನೆಯ ಹೆಸರಾಂತ ನರ್ತಕಿ. ಕಾಲ ಮಾತ್ರ ನೃತ್ಯಕ್ಕೆ ಅನುಕೂಲವಾಗಿರಲಿಲ್ಲ. ಮೈಸೂರು ಸರ್ಕಾರ 1909ರಲ್ಲೇ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತ್ತು. ಆ ಪದ್ಧತಿ ಹೋಗಿದ್ದು ಒಳ್ಳೆಯದೇ. ಆದರೆ ಪದ್ಧತಿಯ ಕಳಂಕವನ್ನು ಜನ ಕಲೆಗೂ ಹಚ್ಚಿಬಿಟ್ಟರು. ಗೆಜ್ಜೆ ಕಟ್ಟಿದ ಹೆಣ್ಣು ಅಂದ್ರೆ ಮೂಗು ಮುರಿಯೋರೇ ಹೆಚ್ಚು.

ಅಂಥಾ ಹೊತ್ತಲ್ಲಿ ಈ ಹುಡುಗಿ ಹನ್ನೆರಡನೇ ವಯಸ್ಸಿಗೆ ರಂಗಪ್ರವೇಶ ಮಾಡಿದಳು. ಅಲ್ಲಿಗೆ ನಿಲ್ಲಲಿಲ್ಲ. ವಿದ್ವಾಂಸರ ಹತ್ತಿರ ಸಂಸ್ಕೃತ ಕಲಿತಳು, ಬಿ. ದೇವೇಂದ್ರಪ್ಪ ಮತ್ತು ಸಿ. ರಾಮರಾವ್ ಅವರಲ್ಲಿ ಸಂಗೀತ ಕಲಿತಳು. ಕುಣಿಯೋಕೆ ಇದೆಲ್ಲಾ ಯಾಕೆ ಅಂತೀರಾ? ಮೈಸೂರು ಶೈಲಿಯ ಜೀವಾಳವೇ ಅಭಿನಯ. ಹಾಡಿನ ಒಂದೇ ಸಾಲನ್ನು ಕಣ್ಣು, ಹುಬ್ಬು, ಬೆರಳುಗಳಲ್ಲೇ ಹತ್ತು ಬಗೆಯಲ್ಲಿ ತೋರಿಸಬೇಕು. ಸಾಲಿನ ಅರ್ಥವೇ ಗೊತ್ತಿಲ್ಲದಿದ್ರೆ ಮುಖದಲ್ಲಿ ಏನು ತೋರಿಸೋದು?

1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಇವರನ್ನು ಆಸ್ಥಾನ ವಿದುಷಿಯಾಗಿ ನೇಮಿಸಿದರು. ಮುಂದೆ ಜಯಚಾಮರಾಜ ಒಡೆಯರ ಕಾಲದಲ್ಲೂ ಸೇವೆ ನಡೆಯಿತು. 1947ರಲ್ಲಿ ಗುರು ತಾಯಮ್ಮ ತೀರಿಕೊಂಡರು. ಅದೇ ವರ್ಷ ರಾಜರ ನೇರ ಆಳ್ವಿಕೆಯೂ ಮುಗಿಯಿತು. ವೆಂಕಟಲಕ್ಷಮ್ಮನವರಿಗೆ ಆಗ ನಲವತ್ತೊಂದು ವರ್ಷ. ನಮ್ಮಲ್ಲಿ ಎಷ್ಟೋ ಜನ ಇನ್ನು ನಮ್ಮದೇನಿದೆ ಅಂತ ಕೈಚೆಲ್ಲೋ ವಯಸ್ಸು ಅದು.

ಅವರು ಕೈಚೆಲ್ಲಲಿಲ್ಲ. ಭಾರತೀಯ ನೃತ್ಯ ನಿಕೇತನ ಅನ್ನೋ ಸ್ವಂತ ಶಾಲೆ ತೆರೆದು ಪಾಠ ಹೇಳಿದರು. ಅವರು ಕಲಿಸದೇ ಹೋಗಿದ್ದರೆ ಗುರುವಿನಿಂದ ಬಂದದ್ದು ಅವರೊಂದಿಗೇ ಮುಗಿದು ಹೋಗ್ತಿತ್ತು. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ವಿಭಾಗ ಶುರುವಾದಾಗ ಅದರ ಮೊದಲ ರೀಡರ್ ಆದರು. ವಯಸ್ಸೆಷ್ಟು ಗೊತ್ತಾ? ಐವತ್ತೊಂಬತ್ತು! ಬೇರೆಯವರು ನಿವೃತ್ತರಾಗೋ ಹೊತ್ತಿಗೆ ಇವರು ಹೊಸ ಕೆಲಸಕ್ಕೆ ಸೇರಿ 1974ರವರೆಗೆ ಪಾಠ ಮಾಡಿದರು. ಜನ ಮೂಗು ಮುರಿದಿದ್ದ ವಿದ್ಯೆ ಹೀಗೆ ಕಾಲೇಜು ಹುಡುಗಿಯರ ಪಾಠವಾಯ್ತು.

1964ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1977ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 1992ರಲ್ಲಿ ಪದ್ಮಭೂಷಣ ಬಂದವು. 2002ರ ಜುಲೈ 1ರಂದು ಮೈಸೂರಿನಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತಾರು ವರ್ಷ.

ಸರಿ, ಇವರ ಬದುಕಿನಿಂದ ಗೃಹಿಣಿಯರಾದ ನಾವು ಏನು ಕಲೀಬಹುದು?

* ರಂಗಪ್ರವೇಶವೇ ಕೊನೆಯಲ್ಲ. ಹಾಲು, ಸೀರೆ, ಒಡವೆ, ಫೋಟೋ, ಊಟ ಅಂತ ಸಾಲ ಮಾಡಿ ರಂಗಪ್ರವೇಶ ಮಾಡಿಸಿ ಮಾರನೇ ದಿನದಿಂದ ಗೆಜ್ಜೆ ಬಿಚ್ಚಿಡಿಸೋರು ಎಷ್ಟು ಜನ! ಆ ದುಡ್ಡಲ್ಲಿ ಮಗಳು ಇನ್ನೂ ಕೆಲವು ವರ್ಷ ಕಲೀಲಿ. ವೆಂಕಟಲಕ್ಷಮ್ಮ ಅದಾದ ಮೇಲೂ ದಶಕಗಳ ಕಾಲ ಗುರುವಿನ ಜೊತೆಗಿದ್ದರು.

* ಮಗಳು ಕುಣಿಯೋ ಹಾಡಿನ ಅರ್ಥ ಕೇಳಿ. ಅವಳಿಗೆ ಗೊತ್ತಿಲ್ಲದಿದ್ರೆ ಟೀಚರ್ ಹತ್ತಿರ ಕೇಳಿಸಿ. ಹಾಗೆ ಕೇಳೋದು ಅವಿನಯ ಅಲ್ಲ.

* ನೀವೇ ಕಲಿಯೋ ಆಸೆ ಇದ್ಯಾ? ಮಂಡಿನೋವು ಇದ್ದರೆ ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ. ಜೋರಾಗಿ ಕಾಲು ತಟ್ಟೋದು ಆಗದಿದ್ರೆ ಹಸ್ತ, ದೃಷ್ಟಿ, ಅಭಿನಯ ಕಲೀರಿ. ಅದನ್ನು ಕೂತುಕೊಂಡೂ ಮಾಡಬಹುದು. ಕಾಲಿನ ವೇಗ ವಯಸ್ಸಿನ ಜೊತೆ ಇಳಿಯುತ್ತೆ ನಿಜ. ಆದರೆ ಸಂಸಾರದ ಸುಖ-ದುಃಖ ಉಂಡ ಮುಖದಲ್ಲಿ ಬರೋ ಭಾವ ಹದಿನಾರರ ಹುಡುಗಿಗೆ ಎಲ್ಲಿಂದ ಬರಬೇಕು?

* ನಿಮಗೆ ಬರೋ ಹಾಡೋ ಹಸೆಯೋ ಕಸೂತಿಯೋ, ಏನೇ ಇದ್ದರೂ ಪಕ್ಕದ ಮನೆಯ ಒಂದು ಮಗುವಿಗಾದರೂ ಹೇಳಿಕೊಡಿ.

* ಯಾವ ಕೇರಿಯ ಹುಡುಗಿ, ಯಾರ ಮನೆಯವಳು ಅಂತ ನೋಡಿ ಆಸೆ ಚಿವುಟಬೇಡಿ. ಕೆಲಸದಾಕೆಯ ಮಗಳು ಬಾಗಿಲಲ್ಲಿ ನಿಂತು ನಿಮ್ಮ ಮಗಳ ಅಭ್ಯಾಸ ನೋಡ್ತಿದ್ದರೆ ಒಳಗೆ ಕರೆಯಿರಿ. ಎಂಟು ವರ್ಷದ ಒಂದು ಮಗುವಿಗೆ ಮೈಸೂರಿನಲ್ಲಿ ಹಾಗೆ ಬಾಗಿಲು ತೆರೆದಿದ್ದಕ್ಕೇ ಅಲ್ವಾ ನಮಗೆ ವೆಂಕಟಲಕ್ಷಮ್ಮ ಸಿಕ್ಕಿದ್ದು?