ರುಖ್ಮಾಬಾಯಿ ಮತ್ತು 2,000 ರೂಪಾಯಿ

ಕಾಲೇಜಿನ ಗೆಳತಿಯೊಬ್ಬಳು ಕಳೆದ ತಿಂಗಳು ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದಳು. ಫ್ಯಾಮಿಲಿ ಕೋರ್ಟಿನ ನೋಟಿಸು. ಡೈವೋರ್ಸಿಗೆ ಇವಳು ವಕೀಲರನ್ನು ಹುಡುಕುತ್ತಿದ್ದಾಗಲೇ, ಹೆಂಡತಿ ಮನೆಗೆ ವಾಪಸ್ ಬರಬೇಕು ಅಂತ ಗಂಡ ಕೇಸು ಹಾಕಿದ್ದ. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 9. ಹೋಗಲ್ಲ ಅಂದ್ರೆ ಪೊಲೀಸರು ಬಂದು ಎಳ್ಕೊಂಡು ಹೋಗ್ತಾರಾ ಅನ್ನೋದು ಅವಳ ಮೊದಲ ಪ್ರಶ್ನೆ. ಇಂಜಿನಿಯರಿಂಗ್ ಓದಿದ ನಮ್ಮಿಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ರುಖ್ಮಾಬಾಯಿ.

ಅವರು ಹುಟ್ಟಿದ್ದು 1864ರಲ್ಲಿ, ಮುಂಬೈಯ ಬಡಗಿ ಸಮುದಾಯದ ಮನೆಯಲ್ಲಿ. ತಂದೆ ಬೇಗ ತೀರಿಕೊಂಡರು. ತಾಯಿ ಜಯಂತಿಬಾಯಿ ಕೆಲ ವರ್ಷಗಳ ನಂತರ ವೈದ್ಯ ಸಖಾರಾಮ ಅರ್ಜುನ ಅವರನ್ನು ಮದುವೆಯಾದರು. ಅದಕ್ಕೂ ಮೊದಲು ಆಕೆ ಮಾಡಿದ ಒಂದು ಕೆಲಸ ನನಗೆ ಬಹಳ ಮುಖ್ಯ ಅನ್ನಿಸಿತು. 1856ರ ಕಾಯ್ದೆ ವಿಧವೆಗೆ ಮರುಮದುವೆಯ ಹಕ್ಕು ಕೊಟ್ಟಿತ್ತು, ಆದರೆ ಮರುಮದುವೆಯಾದವಳಿಗೆ ಮೊದಲ ಗಂಡನ ಆಸ್ತಿಯಲ್ಲಿ ಹಕ್ಕಿಲ್ಲ ಅಂತಲೂ ಬರೆದಿತ್ತು. ಜಯಂತಿಬಾಯಿ ಆ ಆಸ್ತಿಯನ್ನು ಮೊದಲೇ ಮಗಳ ಹೆಸರಿಗೆ ಮಾಡಿಬಿಟ್ಟರು.

11ನೇ ವಯಸ್ಸಿಗೆ ರುಖ್ಮಾಬಾಯಿಗೆ 19ರ ದಾದಾಜಿ ಭಿಕಾಜಿಯ ಜೊತೆ ಮದುವೆಯಾಯಿತು. ಓದಿ ಮುಂದೆ ಬರಲಿ ಅಂತ ಮಾವನ ಮನೆಯವರು ಕಾದರು, ಅವನು ಓದಲಿಲ್ಲ. ಅವಳು ಓದಿದಳು, ತವರಲ್ಲೇ ಉಳಿದಳು. 1884ರಲ್ಲಿ ದಾದಾಜಿ ಬಾಂಬೆ ಹೈಕೋರ್ಟಿಗೆ ಹೋಗಿ, ಹೆಂಡತಿಯನ್ನು ಕಳಿಸಿಕೊಡಿ ಎಂದ. ಆಸ್ತಿಗಾಗಿ ಈ ಕೇಸು ಅನ್ನೋದು ರುಖ್ಮಾಬಾಯಿ ಕಡೆಯ ಆರೋಪ, ಅದಲ್ಲ ಅನ್ನೋದು ಅವನ ಉತ್ತರ.

ಇಂಥ ಕೇಸು ಹಿಂದೂ ಶಾಸ್ತ್ರದ್ದಲ್ಲ, ಇಂಗ್ಲೆಂಡಿನ ಚರ್ಚ್ ಕೋರ್ಟುಗಳಿಂದ ಬಂದದ್ದು. ತಮಾಷೆ ಅಂದ್ರೆ ಅದೇ 1884ರಲ್ಲಿ ಇಂಗ್ಲೆಂಡು ಇಂಥ ಕೇಸುಗಳಲ್ಲಿ ಜೈಲು ಶಿಕ್ಷೆಯನ್ನು ಕೈಬಿಟ್ಟಿತು. ಇಲ್ಲಿ ಬಿಡಲಿಲ್ಲ. 1885ರಲ್ಲಿ ನ್ಯಾಯಮೂರ್ತಿ ಪಿನ್ಹೇ ಕೇಸು ವಜಾ ಮಾಡಿದರು, ಮರುವರ್ಷ ಅಪೀಲಿನಲ್ಲಿ ಅದು ಬಿದ್ದುಹೋಯಿತು. 1887ರ ಮಾರ್ಚಿನಲ್ಲಿ ತೀರ್ಪು ಬಂತು: ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಜೈಲು. ರುಖ್ಮಾಬಾಯಿ ಜೈಲಿಗೇ ಹೋಗ್ತೀನಿ ಅಂದರು. ಸ್ವರಾಜ್ಯದ ಹೀರೊ ತಿಲಕರು ಈ ಜಗಳದಲ್ಲಿ ಯಾವ ಕಡೆ ನಿಂತಿದ್ದರು ಅನ್ನೋದನ್ನು ನಮ್ಮ ಪಠ್ಯಪುಸ್ತಕ ಹೇಳಿರಲಿಲ್ಲ. ಅವಳ ವಿರುದ್ಧ.

1888ರಲ್ಲಿ ರಾಜಿ ಆಯಿತು. ದಾದಾಜಿ 2,000 ರೂಪಾಯಿ ತಗೊಂಡು ತೀರ್ಪಿನ ಜಾರಿಯನ್ನು ಕೈಬಿಟ್ಟ. ಇದು ಡೈವೋರ್ಸ್ ಅಲ್ಲ, ಹಿಂದೂ ಕಾನೂನಿನಲ್ಲಿ ಆಗ ಅದಿರಲೇ ಇಲ್ಲ. ಅವನು ಇನ್ನೊಂದು ಮದುವೆಯಾಗಬಹುದಿತ್ತು, ಆದ. ಅವರಿಗೆ ಆ ದಾರಿ ಇರಲಿಲ್ಲ. 1889ರಲ್ಲಿ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆ ಸೇರಿ, 1894ರಲ್ಲಿ ಡಾಕ್ಟರಾಗಿ, ಸೂರತ್ ಮತ್ತು ರಾಜಕೋಟದಲ್ಲಿ ದಶಕಗಳ ಕಾಲ ಹೆಂಗಸರ ಆಸ್ಪತ್ರೆ ನಡೆಸಿದರು.

ದೇಶದ ಹಿಂದೂಗಳಿಗೆಲ್ಲ ಡೈವೋರ್ಸ್ ಕೊಟ್ಟ ಕಾಯ್ದೆ 1955ರ ಮೇ 18ಕ್ಕೆ ಜಾರಿಗೆ ಬಂತು. ರುಖ್ಮಾಬಾಯಿ ತೀರಿಕೊಂಡದ್ದು ಅದೇ ಸೆಪ್ಟೆಂಬರ್ 25ಕ್ಕೆ. ಅವರನ್ನು ಕೋರ್ಟಿಗೆಳೆದ ಕೇಸನ್ನೂ ಅದೇ ಕಾಯ್ದೆ ಸೆಕ್ಷನ್ 9 ಅಂತ ಉಳಿಸಿಕೊಂಡಿತು. ಇಂಗ್ಲೆಂಡು ಅದನ್ನು 1970ರಲ್ಲಿ ಪೂರ್ತಿ ಕಿತ್ತುಹಾಕಿತು.

ಗೆಳತಿಗೆ ಸಿಕ್ಕ ಉತ್ತರ ಇಷ್ಟು. ಪೊಲೀಸರು ಬರಲ್ಲ. ಜೈಲು 1923ರಲ್ಲೇ ಹೋಯಿತು. ಆದರೆ ಡಿಕ್ರಿ ಆದಮೇಲೂ ಹೋಗದಿದ್ದರೆ ಆಸ್ತಿ ಜಪ್ತಿಗೆ ಕೋರ್ಟಿಗೆ ಅಧಿಕಾರ ಇದೆ. ಡಿಕ್ರಿಯ ನಂತರ ಒಂದು ವರ್ಷ ಒಟ್ಟಿಗೆ ಬಾಳದಿದ್ದರೆ ಅದೇ ಕಾರಣಕ್ಕೆ ಇಬ್ಬರಲ್ಲಿ ಯಾರು ಬೇಕಾದರೂ ಡೈವೋರ್ಸ್ ಕೇಳಬಹುದು. ಇನ್ನು ಜೀವನಾಂಶ: ಡಿಕ್ರಿ ಪಾಲಿಸಿಲ್ಲ ಅನ್ನೋ ಒಂದೇ ಕಾರಣಕ್ಕೆ ಅದು ತಪ್ಪಿಹೋಗಲ್ಲ, ದೂರ ಇರೋಕೆ ಸರಿಯಾದ ಕಾರಣ ಇದ್ದರೆ ಸಾಕು ಅಂತ ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಹೇಳಿದೆ. ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲವನ್ನು ಅಫಿಡವಿಟ್ಟಿನಲ್ಲಿ ತೋರಿಸಲೇಬೇಕು ಅನ್ನೋದು 2020ರ ರಜನೀಶ್-ನೇಹಾ ತೀರ್ಪು.

ಜಯಂತಿಬಾಯಿಯ ಕಾಗದ ನೆನಪಾಗಿದ್ದು ಆಮೇಲೆ. ಗೆಳತಿ ನಾಲ್ಕು ವರ್ಷ ಇಎಂಐ ಕಟ್ಟಿದ ಫ್ಲ್ಯಾಟು ಗಂಡನ ಒಬ್ಬನ ಹೆಸರಲ್ಲಿದೆ. ಮದುವೆಯ ನಂತರ ಗಳಿಸಿದ್ದರಲ್ಲಿ ಅರ್ಧ ತಾನಾಗಿಯೇ ಸಿಗುತ್ತೆ ಅನ್ನೋ ಕಾನೂನು ನಮ್ಮಲ್ಲಿಲ್ಲ. ಯಾರ ದುಡ್ಡು ಎಲ್ಲಿಂದ ಹೋಯಿತು ಅನ್ನೋದನ್ನು ತೋರಿಸಬೇಕು. ನಿನ್ನೆ ರಾತ್ರಿ ಕೂತು 48 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿದ್ದಾಳೆ.