ಗೋಪಾಲ ಮಹಾರಾಜರು

1926ನೆಯ ಇಸವಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದ ಮಲೆನಾಡಿನ ತರುಣನೊಬ್ಬ ತನ್ನ ಕೋಣೆಯಲ್ಲಿ ಕಾಯಿಲೆಯಿಂದ ನರಳುತ್ತಿದ್ದನು. ಹುಟ್ಟಿದ್ದು ಅಂದಿನ ಕಡೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ, ಬೆಳೆದದ್ದು ಕುಪ್ಪಳಿಯಲ್ಲಿ. ಬಾಲ್ಯದಲ್ಲಿಯೇ ತಂದೆ ತೀರಿಕೊಂಡಿದ್ದರು. ಮೈಸೂರಿಗೆ ಓದಲು ಬಂದ ಮೇಲೆ ತಾಯಿಯೂ ಇಲ್ಲವಾದರು. ಆತನ ಹೆಸರು ಪುಟ್ಟಪ್ಪ. ಸುದ್ದಿ ತಿಳಿದ ಒಬ್ಬ ಯುವ ಸನ್ಯಾಸಿ ಅವನನ್ನು ತಮ್ಮ ಆಶ್ರಮಕ್ಕೆ ಕರೆದೊಯ್ದು ಶುಶ್ರೂಷೆ ಮಾಡಿದರು. ಆ ಸನ್ಯಾಸಿಯೇ ಸ್ವಾಮಿ ಸಿದ್ಧೇಶ್ವರಾನಂದರು.

ಅವರು 1897ರಲ್ಲಿ ಕೇರಳದ ತ್ರಿಶ್ಶೂರಿನಲ್ಲಿ ಜನಿಸಿದರು. ಕೊಚ್ಚಿನ್ ರಾಜಮನೆತನದ ಸಂಬಂಧವಿದ್ದ ಕುಟುಂಬ ಅವರದು. ಪೂರ್ವಾಶ್ರಮದ ಹೆಸರು ಗೋಪಾಲ ಮಾರಾರ್. ಮದರಾಸಿನಲ್ಲಿ ವಿದ್ಯಾಭ್ಯಾಸ ಮಾಡಿ, 1920ರಲ್ಲಿ ಶ್ರೀರಾಮಕೃಷ್ಣ ಸಂಘವನ್ನು ಸೇರಿದರು. ಆ ಸಂಘದಲ್ಲಿ ಸನ್ಯಾಸಿಗಳನ್ನು ಗೌರವದಿಂದ ಮಹಾರಾಜರೆಂದು ಕರೆಯುವುದು ವಾಡಿಕೆ. ಅರಸರ ಊರಾದ ಮೈಸೂರಿನಲ್ಲಿ ಈ ಮಹಾರಾಜರಿಗೆ ಸಿಂಹಾಸನವಿರಲಿಲ್ಲ. ಇದ್ದದ್ದು ಒಂದು ಬಾಡಿಗೆಯ ಮನೆ ಮಾತ್ರ. ಮೈಸೂರಿನ ಆಶ್ರಮವು 1925ರಲ್ಲಿ ಆರಂಭವಾದದ್ದು ಹಾಗೆ.

ಅಂದು ದೂರದ ಹಳ್ಳಿಯಿಂದ ಬಂದು ಪಟ್ಟಣದಲ್ಲಿ ಓದುವುದು ಸುಲಭವಾಗಿರಲಿಲ್ಲ. ಬಡಹುಡುಗರು ವಾರಾನ್ನವನ್ನು ನಂಬಿ ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದರು. ಆ ಅನ್ನಕ್ಕೂ ಜಾತಿಯ ಬೇಲಿಯಿತ್ತು. ವಿದ್ಯಾರ್ಥಿನಿಲಯಗಳು ಕೂಡ ಬಹುಮಟ್ಟಿಗೆ ಆಯಾ ಜಾತಿಯವರಿಗೆ ಮೀಸಲು. ಇಂಥ ಕಾಲದಲ್ಲಿ ಮಲೆಯಾಳಿ ಸನ್ಯಾಸಿಯೊಬ್ಬರು ಕನ್ನಡದ ಒಕ್ಕಲು ಮನೆತನದ ಹುಡುಗನನ್ನು ಒಳಗೆ ಕರೆದುಕೊಂಡರು. ಹೊಟ್ಟೆಗೆ ಅನ್ನ, ಮಲಗಲು ಚಾಪೆ ಇವಿಷ್ಟೇ ಆಗಿದ್ದರೆ ಅದು ಧರ್ಮಛತ್ರದ ಉಪಕಾರವಾಗುತ್ತಿತ್ತು. ಪುಟ್ಟಪ್ಪನಿಗೆ ದೊರೆತದ್ದು ಮನೆ. ತಪ್ಪಿದರೆ ತಿದ್ದುವ, ಬಳಲಿದರೆ ವಿಚಾರಿಸುವ ಹಿರಿಯರಿರುವ ಮನೆ.

ಕಾಯಿಲೆ ವಾಸಿಯಾಯಿತು, ಆದರೆ ಹುಡುಗ ಹಿಂದಿರುಗಲಿಲ್ಲ. ಸುಮಾರು ಹತ್ತು ವರ್ಷ ಅಲ್ಲಿಯೇ ಉಳಿದನು. 1927ರಲ್ಲಿ ಬಿ.ಎ. ಪದವಿ ದೊರೆಯಿತು. ಮುಂದೇನು ಎಂಬ ಪ್ರಶ್ನೆ ಬಂದಾಗ ಪುಟ್ಟಪ್ಪನ ಒಲವು ತತ್ತ್ವಶಾಸ್ತ್ರದ ಕಡೆಗಿತ್ತು. ಆಶ್ರಮದ ಭಕ್ತರೂ ಕನ್ನಡದ ಪ್ರಾಧ್ಯಾಪಕರೂ ಆಗಿದ್ದ ತಳುಕಿನ ವೆಂಕಣ್ಣಯ್ಯನವರು ಅವನನ್ನು ಆಗಷ್ಟೇ ತೆರೆದಿದ್ದ ಕನ್ನಡ ಎಂ.ಎ. ತರಗತಿಗೆ ಸೇರಿಸಿದರು. ಕನ್ನಡ ಓದಿದವನಿಗೆ ಮುಂದೆ ಅನ್ನ ಹುಟ್ಟೀತೇ ಎಂದು ಜನ ಸಂದೇಹಪಡುತ್ತಿದ್ದ ದಿನಗಳವು. ಕಾಲೇಜಿನಲ್ಲಿ ವೆಂಕಣ್ಣಯ್ಯನವರು, ಆಶ್ರಮದಲ್ಲಿ ಗೋಪಾಲ ಮಹಾರಾಜರು. ಒಬ್ಬರು ದಾರಿ ತೋರಿದರೆ ಮತ್ತೊಬ್ಬರು ಆ ದಾರಿಯಲ್ಲಿ ನಡೆಯುವ ಶಕ್ತಿಯನ್ನು ಕಾಪಾಡಿದರು. 1929ರಲ್ಲಿ ಪುಟ್ಟಪ್ಪ ಎಂ.ಎ. ಮುಗಿಸಿ ತಾನು ಓದಿದ ಕಾಲೇಜಿನಲ್ಲಿಯೇ ಅಧ್ಯಾಪಕನಾದನು. ಅದೇ ವರ್ಷ ಸ್ವಾಮಿಗಳ ಜೊತೆಯಲ್ಲಿ ಕಲ್ಕತ್ತೆಗೆ ಹೋಗಿ, ಬೇಲೂರು ಮಠದಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದನು.

ತರುಣನ ಮನಸ್ಸಿನಲ್ಲಿ ಸನ್ಯಾಸದ ಆಲೋಚನೆಯೂ ಸುಳಿದಿತ್ತು. ಸಾಕಿದ ಕೈಗೆ ತನ್ನದೇ ಅಚ್ಚಿನಲ್ಲಿ ಎರಕ ಹೊಯ್ಯುವ ಆಸೆ ಸಹಜ. ಆದರೆ ಆಶ್ರಮವು ತಾನು ಸಲಹಿದವನಿಗೆ ಕಾವಿಯನ್ನು ಕಟ್ಟಲಿಲ್ಲ. ಬರೆಯಲು ಬಿಡುವನ್ನು ಕೊಟ್ಟಿತು. 1930ರಲ್ಲಿ ಕೊಳಲು ಕವನಸಂಗ್ರಹವೂ 1936ರಲ್ಲಿ ಕಾನೂರು ಹೆಗ್ಗಡಿತಿ ಕಾದಂಬರಿಯೂ ಪ್ರಕಟವಾದವು. ಕುವೆಂಪು ಎಂಬ ಹೆಸರು ನಾಡಿನಲ್ಲೆಲ್ಲ ಹರಡಿತು. 1936ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ವರ್ಗವಾಗಿ ಅವರು ಆಶ್ರಮದಿಂದ ಹೊರಟರು. ಮರುವರ್ಷ ಹೇಮಾವತಿಯವರನ್ನು ಮದುವೆಯಾದರು.

ಅದೇ 1937ರಲ್ಲಿ ಸ್ವಾಮಿಗಳೂ ಮೈಸೂರನ್ನು ಬಿಟ್ಟರು. ವೇದಾಂತ ಪ್ರಚಾರಕ್ಕಾಗಿ ಫ್ರಾನ್ಸಿಗೆ ತೆರಳಿ, ಎರಡನೆಯ ಮಹಾಯುದ್ಧದ ಸಂಕಟಗಳ ನಡುವೆಯೂ ಅಲ್ಲಿಯೇ ಉಳಿದರು. 1948ರಲ್ಲಿ ಪ್ಯಾರಿಸಿಗೆ ಸಮೀಪದ ಗ್ರೆಟ್ಸ್ ಎಂಬಲ್ಲಿ ಆಶ್ರಮವನ್ನು ಸ್ಥಾಪಿಸಿದರು. ಇತ್ತ 1956ರಲ್ಲಿ ಕುವೆಂಪು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಮರುವರ್ಷ, 1957ರ ಏಪ್ರಿಲ್ 2ರಂದು, ಗೋಪಾಲ ಮಹಾರಾಜರು ಗ್ರೆಟ್ಸ್‌ನಲ್ಲಿ ದೇಹತ್ಯಾಗ ಮಾಡಿದರು.