ಗುರುಪೀಠವಿಲ್ಲದ ಚಿತ್ರಕಾರ: ಕೆ. ವೆಂಕಟಪ್ಪನವರು

ವಿಜಯಪುರದಿಂದ ಪಶ್ಚಿಮಕ್ಕೆ ತಿಕೋಟೆಯನ್ನು ದಾಟಿ ಕನಮಡಿಯ ವರೆಗೆ ಹೋದರೆ ನಮ್ಮ ರಾಜ್ಯದ ಗಡಿಯು ಸಮೀಪಿಸುತ್ತದೆ. ಅಂಥ ಊರಿನ ಬಾಲಕನೊಬ್ಬನು ಇದ್ದಲಿನ ತುಂಡನ್ನು ಹಿಡಿದು ಮನೆಯ ಗೋಡೆಯ ಮೇಲೆ ಎತ್ತಿನ ಆಕಾರವನ್ನು ತಪ್ಪಿಲ್ಲದೆ ಬರೆದನೆಂದು ಎಣಿಸೋಣ. ಆ ಕೈಗೆ ಮುಂದಿನ ಪಾಠವನ್ನು ಹೇಳುವವರು ಯಾರು? ಗೋಡೆಯನ್ನು ಕೆಡಿಸಿದನೆಂದು ಗದರಿಸುವವರು ಹತ್ತು ಜನ ಸಿಕ್ಕಾರು. ಗೆರೆಯನ್ನು ತಿದ್ದುವವನೊಬ್ಬನು ಸಿಕ್ಕುವುದೇ ದುರ್ಲಭ. ಈ ಪ್ರಶ್ನೆಯು ಸಣ್ಣದೆಂದು ನಮ್ಮ ವಾಚಕರು ಬದಿಗೆ ಸರಿಸಬಾರದು. ಕನ್ನಡ ನಾಡಿನ ಬಹು ದೊಡ್ಡ ಚಿತ್ರಕಾರರೊಬ್ಬರ ಜೀವಿತವೆಲ್ಲ ಈ ಪ್ರಶ್ನೆಯನ್ನೇ ಸುತ್ತಿಕೊಂಡಿರುತ್ತದೆ. ಅವರೇ ಮೈಸೂರಿನ ಕೆ. ವೆಂಕಟಪ್ಪನವರು.

ವಿಜಯಪುರದ ಜನರಿಗೆ ಚಿತ್ರಕಲೆಯು ಹೊಸ ವಿದ್ಯೆಯಲ್ಲ. ಎರಡನೆಯ ಇಬ್ರಾಹೀಮ ಆದಿಲಶಹನ ಕಾಲದಲ್ಲಿ, ಎಂದರೆ 1580 ರಿಂದ 1627 ರ ವರೆಗೆ, ಇಲ್ಲಿಯ ಆಸ್ಥಾನದ ಚಿತ್ರಕಾರರು ಬರೆದ ಚಿತ್ರಗಳು ಇಂದು ಜಗತ್ತಿನ ದೊಡ್ಡ ದೊಡ್ಡ ಸಂಗ್ರಹಾಲಯಗಳ ಭೂಷಣವಾಗಿವೆ. ಅಸಾರ ಮಹಾಲಿನ ಗೋಡೆಗಳ ಮೇಲೆಯೂ ಕುಮಟಗಿಯ ಜಲಮಂದಿರಗಳಲ್ಲಿಯೂ ಆ ಕಾಲದ ಬಣ್ಣವು ಮಾಸಿಯಾದರೂ ಉಳಿದಿದೆ. ಆದರೆ 1686 ರಲ್ಲಿ ಔರಂಗಜೇಬನಿಗೆ ಪಟ್ಟಣವು ವಶವಾದ ಬಳಿಕ ಆ ಆಸ್ಥಾನವೂ ಹೋಯಿತು, ಅದರ ಆಶ್ರಯದಲ್ಲಿ ಬೆಳೆದ ಕಲೆಯೂ ಚದುರಿಹೋಯಿತು. ಅರಸನ ಕೃಪೆಯೊಂದನ್ನೇ ಬೇರಾಗಿ ಉಳ್ಳ ಕಲೆಯು ಅರಸನೊಡನೆಯೇ ಒಣಗುವುದೆಂಬುದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿಯಿದು. ಎರಡೂವರೆ ಶತಮಾನಗಳ ತರುವಾಯ ಇದೇ ಪಾಠವು ಮೈಸೂರಿನಲ್ಲಿ ಇನ್ನೊಂದು ರೀತಿಯಿಂದ ಪುನರಾವರ್ತನೆಯಾದುದನ್ನು ನಾವು ವೆಂಕಟಪ್ಪನವರ ಚರಿತ್ರೆಯಲ್ಲಿ ಕಾಣುತ್ತೇವೆ.

ವೆಂಕಟಪ್ಪನವರು 1886 ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಜನಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಪುಷ್ಟವಾಗಿದ್ದ ದೇಶೀಯ ಚಿತ್ರಪದ್ಧತಿಯು ಆ ಮನೆತನಗಳ ಕುಲವಿದ್ಯೆಯಾಗಿತ್ತು. ಹುಣಸೆಯ ಕಡ್ಡಿಯನ್ನು ಸುಟ್ಟ ಇದ್ದಲಿನಿಂದ ರೇಖೆಯನ್ನು ಬರೆದು, ಅಳಿಲಿನ ಕೂದಲಿನ ಕುಂಚದಿಂದ ಬಣ್ಣವನ್ನು ತುಂಬಿ, ಉಬ್ಬುಗೆಲಸದ ಮೇಲೆ ಚಿನ್ನದ ರೇಕನ್ನು ಅಂಟಿಸಿ ದೇವತಾಮೂರ್ತಿಗಳನ್ನು ಚಿತ್ರಿಸುವ ಈ ವಿದ್ಯೆಯನ್ನು ತಂದೆಯು ಮಗನಿಗೆ ಕಲಿಸುತ್ತಿದ್ದನು. ಆದರೆ ವೆಂಕಟಪ್ಪನವರ ಬಾಲ್ಯದ ವೇಳೆಗೆ ಅರಮನೆಯ ರುಚಿಯು ಬದಲಾಗಿತ್ತು. ರವಿವರ್ಮನ ತೈಲಚಿತ್ರಗಳ ಕೀರ್ತಿಯು ದೇಶವನ್ನೆಲ್ಲ ವ್ಯಾಪಿಸಿತ್ತು. ಕುಲಕಸುಬಿನ ಚಿತ್ರಗಾರರು ಹಿಂದೆ ಬಿದ್ದಿದ್ದರು.

ಹುಡುಗನ ಕೈಗುಣವು ನಾಲ್ವಡಿ ಕೃಷ್ಣರಾಜ ಒಡೆಯರ ಗಮನಕ್ಕೆ ಬಂದಿತು. ಅರಸರ ವಿದ್ಯಾರ್ಥಿವೇತನದಿಂದ ವೆಂಕಟಪ್ಪನವರು 1909 ರಲ್ಲಿ ಕಲಕತ್ತೆಯ ಸರಕಾರಿ ಚಿತ್ರಶಾಲೆಯನ್ನು ಸೇರಿದರು. ವಂಗಭಂಗದ ಚಳವಳಿಯ ಕಾವು ಇನ್ನೂ ಆರದಿದ್ದ ಕಾಲವದು. ಸ್ವದೇಶೀ ವಸ್ತ್ರವನ್ನು ಉಡಬೇಕೆಂದು ಜನರು ಹಟ ಹಿಡಿದಂತೆಯೇ ಸ್ವದೇಶೀ ಚಿತ್ರವನ್ನು ಬರೆಯಬೇಕೆಂದು ಅವನೀಂದ್ರನಾಥ ಠಾಕೂರರು ಪಣತೊಟ್ಟಿದ್ದರು. ಅವರ ಸುತ್ತಲೂ ನಂದಲಾಲ ಬಸು, ಅಸಿತಕುಮಾರ ಹಾಲದಾರ, ಸಮರೇಂದ್ರನಾಥ ಗುಪ್ತರಂಥ ತರುಣರು ನೆರೆದಿದ್ದರು. ಆ ಗೋಷ್ಠಿಯಲ್ಲಿ ಕನ್ನಡ ನಾಡಿನ ಪ್ರತಿನಿಧಿಯು ವೆಂಕಟಪ್ಪನವರೊಬ್ಬರೇ.

ಅವರ ಯೋಗ್ಯತೆಯು ಬೇಗನೆ ಪ್ರಕಟವಾಯಿತು. ಅಜಂತೆಯ ಗುಹೆಗಳಲ್ಲಿ ನಶಿಸುತ್ತಿದ್ದ ಭಿತ್ತಿಚಿತ್ರಗಳನ್ನು ಪ್ರತಿಮಾಡಿಕೊಳ್ಳಲು ಶ್ರೀಮತಿ ಹೆರಿಂಗ್‌ಹ್ಯಾಮ್ ಎಂಬ ಆಂಗ್ಲ ಮಹಿಳೆಯು ಬಂದಾಗ, ಕಲಕತ್ತೆಯಿಂದ ಹೋದ ತರುಣರಲ್ಲಿ ಇವರೂ ಒಬ್ಬರಾಗಿದ್ದರು. ಸೋದರಿ ನಿವೇದಿತಾ ಅವರು ಆರಂಭಿಸಿ, 1911 ರಲ್ಲಿ ಅವರು ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿಯವರು ಪೂರ್ಣಗೊಳಿಸಿ 1913 ರಲ್ಲಿ ಹೊರತಂದ ಹಿಂದೂ ಬೌದ್ಧ ಪುರಾಣಕಥೆಗಳ ಗ್ರಂಥಕ್ಕೆ ವೆಂಕಟಪ್ಪನವರ ಚಿತ್ರಗಳು ಸೇರಿದವು. ಕುಲವಿದ್ಯೆಯ ಸೂಕ್ಷ್ಮರೇಖೆಯನ್ನು ಅವರು ಕಲಕತ್ತೆಯಲ್ಲಿ ಮರೆಯಲಿಲ್ಲ. ಸಹಪಾಠಿಗಳ ಚಿತ್ರಗಳಲ್ಲಿ ಬಣ್ಣವು ಮಂಜಿನಂತೆ ಕರಗಿದ್ದರೆ ಇವರ ಚಿತ್ರಗಳಲ್ಲಿ ಒಡವೆಯ ಒಂದೊಂದು ಮಣಿಯೂ ಎಣಿಕೆಗೆ ಸಿಕ್ಕುತ್ತಿತ್ತು.

1916 ರ ಸುಮಾರಿಗೆ ಅವರು ಮೈಸೂರಿಗೆ ಮರಳಿದರು. ಇಲ್ಲಿಂದ ಮುಂದೆ ಅವರ ದಾರಿಯೂ ಸಹಪಾಠಿಗಳ ದಾರಿಯೂ ಬೇರೆಯಾದವು. ನಂದಲಾಲರು ಶಾಂತಿನಿಕೇತನದ ಕಲಾಭವನವನ್ನು ಬೆಳೆಸಿದರು. ಹಾಲದಾರರು 1925 ರಲ್ಲಿ ಲಖನೌದ ಚಿತ್ರಶಾಲೆಯ ಮುಖ್ಯಾಧ್ಯಾಪಕರಾದರು. ಗುಪ್ತರು ಲಾಹೋರಿಗೆ ಹೋದರು. ಅವನೀಂದ್ರರ ಇನ್ನೊಬ್ಬ ಶಿಷ್ಯರಾದ ದೇವಿಪ್ರಸಾದ ರಾಯಚೌಧುರಿಯವರು 1929 ರಲ್ಲಿ ಮದ್ರಾಸಿನ ಶಾಲೆಯ ಸೂತ್ರವನ್ನು ಹಿಡಿದರು. ಹೀಗೆ ಒಬ್ಬ ಗುರುವಿನ ದೀಪದಿಂದ ದೇಶದ ನಾಲ್ಕು ದಿಕ್ಕಿಗೂ ದೀಪಗಳು ಹತ್ತಿದವು. ಕನ್ನಡ ನಾಡಿನ ದೀಪವು ಮಾತ್ರ ಒಂದೇ ಕೋಣೆಯಲ್ಲಿ ಉರಿಯಿತು. ಮೈಸೂರಿನಲ್ಲಿ ಕರಕುಶಲ ವಿದ್ಯೆಗೆ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಿತ್ತು. ಆದರೆ ವೆಂಕಟಪ್ಪನವರು ಪೀಠಸ್ಥರಾಗಿ ಶಿಷ್ಯವರ್ಗವನ್ನು ತಯಾರಿಸುವಂಥ ಚಿತ್ರಶಾಲೆಯೊಂದು ಏಳಲಿಲ್ಲ.

ಇದರ ದೋಷವನ್ನೆಲ್ಲ ಸರಕಾರದ ಮೇಲೆ ಹೊರಿಸುವುದು ನ್ಯಾಯವಾಗಲಾರದು. ವೆಂಕಟಪ್ಪನವರ ಸ್ವಭಾವವೂ ಏಕಾಂತವನ್ನೇ ಬಯಸುತ್ತಿತ್ತು. ಅವರು ಕೊನೆಯವರೆಗೂ ಬ್ರಹ್ಮಚಾರಿಗಳಾಗಿದ್ದರು. ದಿನಚರಿಯನ್ನು ಬರೆದಿಡುವಷ್ಟು ಕ್ರಮವಂತರು. ತಮ್ಮ ಕೆಲಸದ ಬೆಲೆಯನ್ನು ತಾವೇ ನಿರ್ಣಯಿಸುವ ಸ್ವಾಭಿಮಾನಿಗಳು. ಉದಕಮಂಡಲದಲ್ಲಿಯೂ ಕೊಡೈಕೆನಾಲಿನಲ್ಲಿಯೂ ಬೆಟ್ಟ, ಕೆರೆ, ಮೋಡ, ಬಿಸಿಲುಗಳ ಮಾರ್ಪಾಟನ್ನು ಕಾದು ಕುಳಿತು ನೋಡಿ ಅವರು ಬರೆದ ಜಲವರ್ಣಚಿತ್ರಗಳಲ್ಲಿ ಪುರಾಣವೂ ಇಲ್ಲ, ಆಡಂಬರವೂ ಇಲ್ಲ. ಕಂಡುದನ್ನು ಕಂಡಂತೆ ಹೇಳುವ ಪ್ರಾಮಾಣಿಕತೆಯಿದೆ. ವೀಣೆಯ ಶೇಷಣ್ಣನವರಲ್ಲಿ ಶಿಷ್ಯವೃತ್ತಿಯನ್ನು ಕೈಕೊಂಡು ವೀಣೆಯನ್ನೂ ಕಲಿತರು. ಆ ವೀಣೆಯ ಹುಚ್ಚನ್ನು ಕುರಿತು ತಮ್ಮನ್ನೇ ವಸ್ತುವಾಗಿಟ್ಟುಕೊಂಡು ಚಿತ್ರವೊಂದನ್ನು ಬರೆದರು. ಪ್ರೌಢರಾದ ಬಳಿಕವೂ ಇನ್ನೊಬ್ಬರ ಮುಂದೆ ಕುಳಿತು ಕಲಿಯುವ ವಿನಯವು ಅವರಲ್ಲಿತ್ತು. ಇನ್ನೊಬ್ಬರನ್ನು ತಮ್ಮ ಮುಂದೆ ಕೂಡ್ರಿಸಿಕೊಂಡು ಕಲಿಸುವ ಪರಂಪರೆಯು ಮಾತ್ರ ಬೆಳೆಯಲಿಲ್ಲ.

ಮುಂದೆ ಅರಮನೆಗಾಗಿ ಪುರಾಣಕಥೆಗಳನ್ನು ಗಚ್ಚಿನಲ್ಲಿ ಉಬ್ಬುಶಿಲ್ಪವಾಗಿ ಮೂಡಿಸುವ ಕೆಲಸವನ್ನು ಅವರು ಕೈಗೊಂಡರು. ಚಿತ್ರಕಾರನ ಕಣ್ಣೂ ಶಿಲ್ಪಿಯ ಕೈಯೂ ಕೂಡಿದ ಆ ಕೆಲಸವು ನಡೆದಿರುವಾಗಲೇ, 1940 ರ ಆಗಸ್ಟದಲ್ಲಿ ನಾಲ್ವಡಿಯವರು ಕಾಲವಾದರು. ಆಶ್ರಯದಾತನು ಹೋದೊಡನೆ ಕೆಲಸವೂ ನಿಂತಿತು. ಸಂಭಾವನೆಯ ಬಗ್ಗೆ ಹುಟ್ಟಿದ ವ್ಯಾಜ್ಯವು ನ್ಯಾಯಾಲಯದ ವರೆಗೆ ಹೋಯಿತು. ಅವರು ಬಯಸಿದ ನ್ಯಾಯವು ಅಲ್ಲಿ ದೊರೆಯಲಿಲ್ಲ. ಚಿತ್ರಕಾರನ ಕೂಲಿಯನ್ನು ಗಜದ ಲೆಕ್ಕದಿಂದ ಅಳೆಯಬೇಕೋ, ಅವನ ಜೀವಮಾನದ ಸಾಧನೆಯಿಂದ ಅಳೆಯಬೇಕೋ ಎಂಬ ಪ್ರಶ್ನೆಯನ್ನು ಈ ನಾಡಿನಲ್ಲಿ ದಾವೆಯ ರೂಪದಿಂದ ಎತ್ತಿದವರು ವೆಂಕಟಪ್ಪನವರು. ಹಿಂದಿನ ಚಿತ್ರಗಾರನು ಅರಸನು ಕೊಟ್ಟುದನ್ನು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದನು. ಇವರು ಕೈಕಟ್ಟಿ ನಿಲ್ಲಲಿಲ್ಲ, ಹಕ್ಕಿನಿಂದ ಕೇಳಿದರು. ಸೋತರೂ ಆ ಕೇಳಿಕೆಯು ಸಣ್ಣದಲ್ಲವೆಂದು ನಮ್ಮ ಅಭಿಪ್ರಾಯ.

ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1965 ರಲ್ಲಿ ಅವರು ತೀರಿಕೊಂಡರು. ಬಳಿಕ ರಾಜ್ಯ ಸರಕಾರವು ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯನ್ನು ಕಟ್ಟಿ ಅವರ ಕೃತಿಗಳನ್ನು ಅಲ್ಲಿರಿಸಿತು. ಈ ಕಟ್ಟಡದ ನಿರ್ವಹಣೆಯನ್ನು ಖಾಸಗಿಯವರಿಗೆ ಒಪ್ಪಿಸುವ ಮಾತು ಬಂದಾಗ, 2016 ರಲ್ಲಿ ಬೆಂಗಳೂರಿನ ಕಲಾವಿದರು ಒಟ್ಟುಗೂಡಿ ಅದನ್ನು ವಿರೋಧಿಸಿದರು. ಶಿಷ್ಯರನ್ನು ಬಿಟ್ಟುಹೋಗದಿದ್ದ ಪುರುಷನ ಹೆಸರಿನಲ್ಲಿ, ಅವರನ್ನು ಕಣ್ಣಿನಿಂದ ಕಾಣದಿದ್ದ ತರುಣರು ಬೀದಿಗಿಳಿದುದು ಕಾಲದ ವೈಚಿತ್ರ್ಯವೇ ಸರಿ.

ಅರಮನೆಯ ಆಸರೆಯಿಲ್ಲದ ಸಾಮಾನ್ಯ ಗೃಹಸ್ಥರು ಈ ನಾಡಿನಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಸ್ಮರಿಸದಿದ್ದರೆ ನಮ್ಮ ಲೇಖನವು ಅಪೂರ್ಣವಾದೀತು. ಬೆಂಗಳೂರಿನಲ್ಲಿ ಅ. ನ. ಸುಬ್ಬರಾಯರು 1919 ರಲ್ಲಿ ಕಲಾಮಂದಿರವನ್ನು ಸ್ಥಾಪಿಸಿದರು. ಧಾರವಾಡದಲ್ಲಿ ಹಾಲಭಾವಿಯವರು, ಹುಬ್ಬಳ್ಳಿಯಲ್ಲಿ ಮಿಣಜಗಿಯವರು, ಗದಗಿನಲ್ಲಿ ಅಕ್ಕಿಯವರು ಸ್ವಂತ ಶ್ರಮದಿಂದ ಚಿತ್ರವಿದ್ಯೆಯ ಶಾಲೆಗಳನ್ನು ನಡೆಸಿದರು. ಅಂದು ವಿಜಯಪುರ ಜಿಲ್ಲೆಗೆ ಸೇರಿದ್ದ ಬಾದಾಮಿಯಲ್ಲಿ ಹುಟ್ಟಿದ ಆರ್. ಎಂ. ಹಡಪದರು ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ಕಟ್ಟಿ ತಮ್ಮ ಆಯುಷ್ಯವನ್ನು ವಿದ್ಯಾರ್ಥಿಗಳಿಗೆ ಸವೆಸಿದರು. ಕೈಚಳಕದಲ್ಲಿ ಇವರಲ್ಲಿ ಯಾರು ವೆಂಕಟಪ್ಪನವರಿಗೆ ಸಮಾನರೆಂಬ ಚರ್ಚೆಯು ವ್ಯರ್ಥ. ಇವರ ಗೆರೆಯು ಮುಂದಿನ ಕೈಗಳಲ್ಲಿ ಹರಿಯಿತು. ಅವರ ಗೆರೆಯು ಅವರಲ್ಲಿಯೇ ನಿಂತಿತು.

ಆದುದರಿಂದ ನಾವು ವಾಚಕರಿಗೂ ಅಧಿಕಾರಿವರ್ಗಕ್ಕೂ ಹೇಳುವುದಿಷ್ಟೆ: ಕೀರ್ತಿಶೇಷನಾದ ಕಲಾವಿದನಿಗೆ ಕಟ್ಟಡವನ್ನು ಕಟ್ಟುವುದು ಒಳ್ಳೆಯ ಕೆಲಸ, ಬದುಕಿರುವ ಕಲಾವಿದನ ಮುಂದೆ ಹತ್ತು ಮಕ್ಕಳನ್ನು ಕೂಡ್ರಿಸುವುದು ಅದಕ್ಕಿಂತ ಒಳ್ಳೆಯ ಕೆಲಸ, ಅಲ್ಪವ್ಯಯದ ಕೆಲಸವೂ ಹೌದು. ಆದಿಲಶಹನ ಚಿತ್ರಕಾರರನ್ನು ಕಾಲವು ನುಂಗಿತು. ವೆಂಕಟಪ್ಪನವರ ವಿದ್ಯೆಯನ್ನು ನಮ್ಮ ಅಲಕ್ಷ್ಯವೂ ಅವರ ಏಕಾಂತವೂ ಕೂಡಿ ನುಂಗಿದವು. ಕನಮಡಿಯ ಗೋಡೆಯ ಮೇಲಿನ ಎತ್ತಾದರೂ ಮಳೆಗೆ ತೊಳೆದುಹೋಗುವ ಮುನ್ನ ಯಾವನಾದರೊಬ್ಬ ಗುರುವಿನ ಕಣ್ಣಿಗೆ ಬೀಳಲಿ.